ಭಾವನ ಹಸಿರು ಗುಂಡುಸೂಜಿ

ಇದು ನಿಜವಾಗಿ ನಡೆದದ್ದು. ಆಣೆ ಇಟ್ಟು ಹೇಳಿದರೆ ಯಾರೂ ನಂಬುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆಣೆ ಇಡುತ್ತಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅವನು ಲ್ಯಾಬಿನ ಉದ್ದನೆಯ ಓಣಿಯಲ್ಲಿ, ಇವತ್ತು ಗೋಡೆಯ ಕಡೆ ನೋಡಬಾರದು ಎಂದು ನಿರ್ಧರಿಸಿಕೊಂಡು, ಎದುರಿನ ಕಿಟಕಿಯ ಮೇಲೆ ದೃಷ್ಟಿ ನೆಟ್ಟು ನಡೆಯುತ್ತಿದ್ದ. ಕಾಲು ನಿರ್ಧಾರಕ್ಕೆ ಒಪ್ಪಿತ್ತು, ಕಣ್ಣು ಒಪ್ಪಲಿಲ್ಲ. ಕಣ್ಣು ಎಣಿಸಿತು: ಮೈದುನನ ಹಸಿರು ಗುಂಡುಸೂಜಿಗಳು ಎಂಟು. ಶನಿವಾರ ಸಂಜೆಯೂ ಎಂಟೇ ಇದ್ದವು. ಭಾನುವಾರ ಬೀಗ ಹಾಕಿದ ಕಟ್ಟಡದಲ್ಲಿ ಗುಂಡುಸೂಜಿಗಳು ಮರಿ ಹಾಕುವುದಿಲ್ಲವೆಂದು ಗೊತ್ತಿದ್ದರೂ, ಎಂಟೇ ಇದ್ದದ್ದು ಕಂಡು ಎದೆಯೊಳಗೆ ಸಣ್ಣದೊಂದು ತಂಪು ಹರಿಯಿತು. ಆ ತಂಪಿಗೆ ನಾಚಿಕೆಯೂ ಆಯಿತು. ನಾಚಿಕೆಯಾದದ್ದರಿಂದ, ನಾನು ಅಷ್ಟೇನೂ ಕೆಟ್ಟವನಲ್ಲ ಎಂಬ ಸಮಾಧಾನವೂ ಆಯಿತು. ಇಷ್ಟೆಲ್ಲ ಆಗುವಷ್ಟರಲ್ಲಿ ಓಣಿ ಮುಗಿದು ಶೌಚಾಲಯದ ಬಾಗಿಲು ಬಂದಿತ್ತು. ಅವನ ಸ್ವಂತ ಗುಂಡುಸೂಜಿಗಳಿದ್ದದ್ದು ಅಲ್ಲೇ, ಬಾಗಿಲ ಪಕ್ಕ: ಹದಿನಾರು ಕಪ್ಪು, ಒಂದು ಹಸಿರು.

ಗೋಡೆಗೆ ಮೆಟ್ಟಿಲಿನಿಂದ ಶೌಚಾಲಯದವರೆಗೆ ಗೇಣಗಲದ ಕಾಗದದ ಪಟ್ಟಿ ಅಂಟಿಸಿತ್ತು. ಮನುಷ್ಯನ ಹದಿನಾಲ್ಕನೆಯ ವರ್ಣತಂತುವಿನ ತುದಿಯನ್ನು ಸಾವಿರಾರು ಪಾಲು ಹಿಗ್ಗಿಸಿ ಬರೆದ ನಕ್ಷೆ ಅದು. ಮೈಯೊಳಗೆ ಹೊಕ್ಕ ರೋಗವನ್ನು ಹಿಡಿದು ಕೆಡಹುವ ಪ್ರತಿಕಾಯಗಳಿಗೆ ಬೇಕಾದ ಜೀನುಗಳು ಅಲ್ಲಿರುತ್ತವೆ. ಜೀನುಗಳು ಎಂದರೂ ತಪ್ಪೇ, ಜೀನಿನ ತುಂಡುಗಳು. ಮೊದಲ ಜಾತಿಯ ತುಂಡುಗಳು ನೂರಕ್ಕೂ ಹೆಚ್ಚು, ಸಾಲಾಗಿ. ಅವುಗಳ ಆಚೆ ಎರಡನೆಯ ಜಾತಿಯ ಚಿಕ್ಕವು ಇಪ್ಪತ್ತು ಚಿಲ್ಲರೆ. ಅದರಾಚೆ ಮೂರನೆಯ ಜಾತಿಯವು ಆರೇ ಆರು. ಪ್ರತಿಕಾಯ ತಯಾರಿಸುವ ರಕ್ತಕಣ ಹುಟ್ಟುವಾಗ ಪ್ರತಿ ಸಾಲಿನಿಂದಲೂ ಒಂದೊಂದನ್ನು ಆರಿಸಿ, ದರ್ಜಿಯ ಹಾಗೆ ಸೇರಿಸಿ ಹೊಲಿದು, ನಡುವಿನ ಬಟ್ಟೆಯನ್ನು ಕತ್ತರಿಸಿ ಎಸೆಯುತ್ತದೆ. ಒಂದೊಂದು ಕಣದ್ದು ಒಂದೊಂದು ಆಯ್ಕೆ. ಇಷ್ಟು ಕಡಿಮೆ ತುಂಡಿನಿಂದ ಕೋಟ್ಯಂತರ ಬಗೆಯ ಅಂಗಿ. ಹೊಸದಾಗಿ ಸೇರಿದವರಿಗೆ ಅವನು ಇದನ್ನು ವಿವರಿಸುತ್ತಿದ್ದ ರೀತಿಯೇ ಬೇರೆ: "ನೂರು ಸಂಬಂಧ ನೋಡ್ತೀರ, ಒಂದನ್ನ ಕಟ್ಕೋತೀರ, ಮಿಕ್ಕಿದ್ದರ ಮುಖ ಈ ಜನ್ಮದಲ್ಲಿ ಮತ್ತೆ ನೋಡೋ ಹಾಗಿಲ್ಲ." ಆದರೆ ಆ ನೂರರಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತವು. ಎಲ್ಲೋ ಡಿಎನ್‌ಎಯ ಒಂದು ಅಕ್ಷರ ಬಿದ್ದುಹೋಗಿ, ಎಲ್ಲೋ ಒಂದು ಹೆಚ್ಚಾಗಿ, ನೋಡಲು ಜೀನಿನಂತೆಯೇ ಇದ್ದು ಯಾವ ಉಪಯೋಗಕ್ಕೂ ಬಾರದೆ ಸುಮ್ಮನೆ ಸಾಲಿನಲ್ಲಿ ನಿಂತಿರುತ್ತವೆ. ಸತ್ತದ್ದು ಸಿಕ್ಕರೆ ಪಟ್ಟಿಯ ಮೇಲೆ ಕಪ್ಪು ಗುಂಡುಸೂಜಿ, ಜೀವಂತದ್ದು ಸಿಕ್ಕರೆ ಹಸಿರು. ಕಪ್ಪನ್ನು ಯಾರು ಯಾವಾಗ ಚುಚ್ಚಿದರೂ ಕೇಳುವವರಿಲ್ಲ. ಹಸಿರನ್ನು ಚುಚ್ಚುವಾಗ ಮಾತ್ರ ಎಲ್ಲರೂ ಕೈಕೆಲಸ ಬಿಟ್ಟು ಓಣಿಗೆ ಬಂದು, ಲ್ಯಾಬಿನ ಮುಖ್ಯಸ್ಥರಾದ ದೊಡ್ಡವರು ತಲೆ ಆಡಿಸಿದ ತಕ್ಷಣ ಒಂದೇ ಒಂದು ಚಪ್ಪಾಳೆ ಹೊಡೆಯಬೇಕು. ಎರಡಿಲ್ಲ. ಹನ್ನೊಂದು ವರ್ಷದಲ್ಲಿ ಅವನಿಗೆ ಒಂದು ಚಪ್ಪಾಳೆ ಬಿದ್ದಿತ್ತು.

ಹನ್ನೊಂದೂವರೆಗೆ ಕತ್ತಲೆ ಕೋಣೆಯ ಬಾಗಿಲು ಧಡಾರನೆ ತೆರೆಯಿತು. ನೀರು ತೊಟ್ಟಿಕ್ಕುವ ಫಿಲ್ಮನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೈದುನ ಓಡಿ ಬಂದ. ದೊಡ್ಡವರ ಕೋಣೆ ಬಲಕ್ಕಿತ್ತು, ಮೈದುನ ಎಡಕ್ಕೆ ತಿರುಗಿ ನೇರ ಇವನ ಮೇಜಿಗೇ ಬಂದ. ಯಾವಾಗಲೂ ಹಾಗೆಯೇ; ಅದನ್ನೇ ಇವನಿಂದ ಸಹಿಸಲು ಆಗುತ್ತಿರಲಿಲ್ಲ. "ಭಾವ! ನೋಡಿ ಭಾವ, ಉಸಿರಾಡ್ತಿದೆ! ಒಂದು ಅಕ್ಷರಾನೂ ಹೋಗಿಲ್ಲ!" ಫಿಲ್ಮಿನ ನೀರು ಇವನ ಟಿಪ್ಪಣಿ ಪುಸ್ತಕದ ಮೇಲೆ ಬಿದ್ದು, ಹೋದ ವಾರ ಬರೆದ ಎರಡು ಸಾಲು ಹರಡಿಹೋದವು. ಇವನು ಫಿಲ್ಮನ್ನು ಬೆಳಕಿಗೆ ಹಿಡಿದು, ತಪ್ಪು ಸಿಗುತ್ತದೇನೋ ಎಂದು ಮೇಲಿಂದ ಕೆಳಕ್ಕೆ ಓದಿದ, ಕೆಳಗಿಂದ ಮೇಲಕ್ಕೆ ಓದಿದ. ಗೆರೆಗಳು ಹೊಸ ಬಾಚಣಿಗೆಯ ಹಲ್ಲಿನಷ್ಟು ನೆಟ್ಟಗಿದ್ದವು. "ಚೆನ್ನಾಗಿದೆ ಕಣೋ" ಎಂದ. ಓಣಿಯಲ್ಲಿ ದೊಡ್ಡವರು ತಲೆ ಆಡಿಸಿದರು. ಹನ್ನೆರಡು ಜೋಡಿ ಕೈ ಒಟ್ಟಿಗೆ ಸೇರಿದವು; ಇವನ ಕೈ ಅರೆಕ್ಷಣ ತಡವಾಯಿತು. ಸದ್ದಡಗಿದ ಓಣಿಯಲ್ಲಿ ಎರಡನೆಯ ಚಪ್ಪಾಳೆ ಒಂಟಿಯಾಗಿ ಸದ್ದು ಮಾಡಿತು. "ನೋಡ್ರೀ, ಮೈದುನನಿಗೆ ಅಂತ ಭಾವ ಎಕ್ಸ್‌ಟ್ರಾ ಹೊಡೆದ್ರು!" ಎಂದು ಫಿಲ್ಮಮ್ಮ ಕೂಗಿದಳು. ಕತ್ತಲೆ ಕೋಣೆಯ ಯಜಮಾನಿ ಅವಳು. ಇಪ್ಪತ್ತು ವರ್ಷ ಕೆಂಪು ದೀಪದ ಕೆಳಗೆ ಫಿಲ್ಮು ತೊಳೆದೂ ತೊಳೆದೂ, ಹೊರಗಿನ ಬೆಳಕಿನಲ್ಲಿ ಎಲ್ಲರನ್ನೂ ಕಣ್ಣು ಕಿರಿದು ಮಾಡಿ ಅನುಮಾನದಿಂದಲೇ ನೋಡುತ್ತಿದ್ದಳು. ಎಲ್ಲರೂ ನಕ್ಕರು. ಇವನೂ ನಕ್ಕ, ಫಿಲ್ಮಮ್ಮನದೇ ಗೊಗ್ಗರು ದನಿಯಲ್ಲಿ "ಹೊಡೆದ್ರೂ..." ಎಂದು ಅವಳ ಮಾತನ್ನು ಅವಳಿಗೇ ಒಪ್ಪಿಸಿದ. ಇನ್ನಷ್ಟು ನಕ್ಕರು. ದನಿ ಕದಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದಕ್ಕೊಂದು ಬಣ್ಣದ ಗುಂಡುಸೂಜಿ ಇರಲಿಲ್ಲ, ಅಷ್ಟೆ.

ಮೊದಲು ಅವನನ್ನು ಎಲ್ಲರೂ ಡಾಕ್ಟರೇ ಎನ್ನುತ್ತಿದ್ದರು. ಡಾಕ್ಟರ್ ಎನಿಸಿಕೊಳ್ಳಲು ಆರು ವರ್ಷ ಓದಬೇಕಾಯಿತು. ಭಾವ ಎನಿಸಿಕೊಳ್ಳಲು ಒಂದು ಮದುವೆ ಸಾಕಾಯಿತು. ಮೂರು ವರ್ಷದ ಹಿಂದೆ ಹೆಂಡತಿಯ ತಮ್ಮನನ್ನು ಕೈಹಿಡಿದು ಲ್ಯಾಬಿಗೆ ಕರೆತಂದವನು ಅವನೇ. "ಒಳ್ಳೆ ಹುಡುಗ, ಸ್ವಲ್ಪ ಸಂಕೋಚ" ಎಂದು ದೊಡ್ಡವರಿಗೆ ಶಿಫಾರಸು ಮಾಡಿದವನೂ ಅವನೇ. ಸಂಕೋಚದ ಹುಡುಗ ಮೊದಲ ದಿನವೇ ತುಂಬಿದ ಕೋಣೆಯಲ್ಲಿ "ಭಾವ, ಪಿಪೆಟ್ ಎಲ್ಲಿರತ್ತೆ?" ಎಂದ. ಸಂಜೆಯ ಹೊತ್ತಿಗೆ ಇವನು ಟೈಪಿಸ್ಟಿಗೂ ಭಾವ, ಗ್ಯಾಸ್ ಸಿಲಿಂಡರ್ ತರುವವನಿಗೂ ಭಾವ. ಬೇರೆಯವರು ಆಡಿಕೊಳ್ಳುವ ಮೊದಲೇ ತಾನೇ ಆಡಿಕೊಂಡುಬಿಟ್ಟರೆ ನೋವು ಕಡಿಮೆ ಎಂದು, ಕೈಗವಸಿನ ಅಭಾವಕ್ಕೆ ಭಾವನೇ ಹೊಣೆ, ಒಡೆದುಹೋಗುವುದು ಗಾಜಿನ ಸ್ವಭಾವ, ಒಡೆದುಹಾಕುವುದು ಭಾವನ ಸ್ವಭಾವ ಎಂದೆಲ್ಲ ಹುಟ್ಟಿಸಿ ಹಂಚಿದ. ಈಗ ಅವೇ ಮಾತು ಬೇರೆಯವರ ಬಾಯಿಂದ ಹೊಸದಾಗಿ ಬಂದು ಚುಚ್ಚುತ್ತಿದ್ದವು. ಗಾಜಿನ ಎರಡು ಹಲಗೆಯ ನಡುವೆ ಗುಳ್ಳೆ ಏಳದಂತೆ ಜೆಲ್ ಹುಯ್ಯುವುದನ್ನು ಮೈದುನನಿಗೆ ಕಲಿಸಿದ್ದು ಇದೇ ಕೈ. ಅವತ್ತು ಮೈದುನನ ಮಣಿಕಟ್ಟು ಹಿಡಿದು ಓರೆ ಮಾಡಿ, "ಹೀಗೆ, ಹಾಲು ಕುಡಿಸೋ ಹಾಗೆ, ಅವಸರ ಮಾಡಬಾರದು" ಎಂದಿದ್ದ. ಆ ಮಣಿಕಟ್ಟು ಆಗಲೇ ನಡುಗುತ್ತಿರಲಿಲ್ಲ. ಹಿಡಿದ ಕೈಯೇ ನಡುಗುತ್ತಿತ್ತು.

ಮನೆ ಎಂದರೆ ಅತ್ತೆಯ ಮನೆಯ ಮಹಡಿ. ಮೆಟ್ಟಿಲು ಹತ್ತುವ ಮೊದಲೇ ಹೆಂಡತಿಗೆ ಗೊತ್ತಾಗಿತ್ತು. "ಒಂಬತ್ತಂತಲ್ಲ! ನೀವ್ಯಾಕ್ರೀ ಹೇಳ್ಲಿಲ್ಲ?" "ಇನ್ನೂ ಚಪ್ಪಲಿ ಬಿಟ್ಟಿಲ್ಲ ಕಣೇ." "ಫೋನ್ ಮಾಡಬಹುದಿತ್ತು. ಅಮ್ಮ ಕೆಳಗೆ ಮೂರು ಸಲ ಕೇಳಿದ್ಲು, ಅಳಿಯಂದ್ರು ಏನಾದ್ರೂ ಅಂದ್ರಾ ಅಂತ." ಅವಳ ಮುಖ ಹೊಳೆಯುತ್ತಿತ್ತು. ಆ ಹೊಳಪಿಗೆ ಅವನು ಹದಿನಾಲ್ಕು ವರ್ಷದ ಹಿಂದೆ ಬಿದ್ದದ್ದು. ಅದೇ ಮೂಗು, ನಗುವಾಗ ಅದೇ ಎಡಗಡೆಗೆ ಏರುವ ತುಟಿ. ಇಡೀ ಹಗಲು ಎದುರು ಮೇಜಿನಲ್ಲಿ ಕೂತು ಫಿಲ್ಮು ಓದುವ ಮುಖವೇ ಸಂಜೆ ತಟ್ಟೆ ಹಾಕಲು ಬರುತ್ತಿತ್ತು. ಹಗಲೆಲ್ಲ ಹೊಟ್ಟೆ ಉರಿಸಿದ ಮೂಗನ್ನು ಸಂಜೆ ಮುದ್ದಿಸುವುದು ಹೇಗೆ? ಇವಳಲ್ಲೂ ತಮ್ಮನಲ್ಲೂ ಅರ್ಧಕ್ಕರ್ಧ ಒಂದೇ ಎನ್ನುವುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು, ಅದನ್ನು ಕಲಿಸಿಯೇ ಅವನಿಗೆ ಸಂಬಳ ಬರುತ್ತಿದ್ದದ್ದು. "ನಕ್ಷೆ ಹೊರಗೆ ಬಂದಾಗ ಮೊದಲ ಹೆಸರು ಯಾರದು?" ಎಂದು ಅವಳು ನೀರಿನ ಲೋಟ ಇಡುತ್ತ ಕೇಳಿದಳು, ಉತ್ತರ ಗೊತ್ತಿದ್ದೂ ಇನ್ನೊಮ್ಮೆ ಕೇಳುವ ಆಸೆಗೆ. ಅವನು ದೊಡ್ಡವರ ದನಿ ತೆಗೆದ. ಮೂಗಿನಿಂದ ಹೊರಟು ಗಂಟಲಲ್ಲಿ ಒಂದು ಕೆಮ್ಮಿಗೆ ನಿಂತು ಮುಂದುವರಿಯುವ ದನಿ ಅದು. "ಅಲ್ಲಪ್ಪಾ... ಉಹು... ಹಸಿರು ಕಂಡವನ ಹೆಸರು ನಕ್ಷೆ ತಲೆ ಮೇಲೆ. ಕಪ್ಪು ಕಂಡವನ ಹೆಸರು ಕಾಲಿನ ಕೆಳಗೆ, ಸಣ್ಣಕ್ಷರದಲ್ಲಿ, ಕಸ ಗುಡಿಸಿದವರ ಜೊತೆ. ಅಷ್ಟೇ ನಾನು ಹೇಳೋದು." ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಅವನ ಸ್ವಂತ ದನಿಗೆ ಅವಳು ಹಾಗೆ ನಕ್ಕದ್ದು ನೆನಪಿಗೆ ಬರಲಿಲ್ಲ. ದೊಡ್ಡವರ ಆ ನಿಯಮದ ಪ್ರಕಾರ ಮೈದುನನ ಹೆಸರು ಮೊದಲು, ಒಂದು ಹಸಿರಿನ ಬಲದಿಂದ ಇವನ ಹೆಸರು ಎರಡನೆಯದು. ಶನಿವಾರ ಮಧ್ಯಾಹ್ನ ನಕ್ಷೆ ಅಂಚೆಗೆ ಹೋಗುತ್ತದೆ. ಹನ್ನೊಂದು ವರ್ಷ ಕಳೆದು ಸಿಕ್ಕ ಎರಡನೆಯ ಸ್ಥಾನ, ಅದೂ ತಾನೇ ಕರೆತಂದವನ ಬೆನ್ನ ಹಿಂದೆ. ಒಂಬತ್ತರಲ್ಲಿ ಒಂದಾದರೂ ಸುಳ್ಳಾಗಬಾರದೇ ಎಂದುಕೊಂಡ. ಆಮೇಲೆ, ಒಂದು ಯಾಕೆ ಎಂದುಕೊಂಡ.

ಅಸೂಯೆಯಲ್ಲಿ ಒಂದು ದೊಡ್ಡ ದೋಷ ಇದೆ: ಎದುರಾಳಿಯ ಕೆಲಸವನ್ನು ಅಷ್ಟು ಚೆನ್ನಾಗಿ ಪರಿಶೀಲಿಸುವವರು ಬೇರೆ ಯಾರೂ ಇರುವುದಿಲ್ಲ, ಹಾಗಾಗಿ ಅದು ಎಷ್ಟು ಒಳ್ಳೆಯದೆಂಬುದು ಅಸೂಯೆ ಪಡುವವನಿಗೇ ಮೊದಲು ಗೊತ್ತಾಗುತ್ತದೆ. ಮೈದುನ ನಡೆದುಕೊಂಡು ಹೋಗುವವನು. ಗೊತ್ತಿರುವ ಒಂದು ತುಂಡಿನ ಅಂಚು ಹಿಡಿದು, ಅದರ ಪಕ್ಕದ ಮನೆ ಯಾವುದು ಎಂದು ಹುಡುಕಿ, ಅದರ ಅಂಚು ಹಿಡಿದು ಅದರ ಪಕ್ಕದ್ದು, ಹೀಗೆ ಮನೆಯಿಂದ ಮನೆಗೆ ವಿಳಾಸ ಕೇಳುತ್ತ ಮೆಟ್ಟಿಲಿನಿಂದ ಅರ್ಧ ಓಣಿ ದಾಟಿ ಬಂದಿದ್ದ. ಅವನ ಒಂಬತ್ತಕ್ಕೂ ಅಕ್ಕಪಕ್ಕದವರ ಸಾಕ್ಷಿ ಇತ್ತು. ಭಾವನ ಒಂದಕ್ಕೆ ಇರಲಿಲ್ಲ. ಆರು ವರ್ಷದ ಹಿಂದೆ ಅದನ್ನು ಅವನು ಹಿಡಿದದ್ದು ಗಾಳ ಹಾಕಿ: ಈ ಜಾತಿಯ ತುಂಡಿನ ಹಾಗೆ ಕಾಣುವುದು ಯಾವುದಿದ್ದರೂ ಬಾ ಎಂದು ಮನುಷ್ಯನ ಇಡೀ ಡಿಎನ್‌ಎಯ ಕೆರೆಯಲ್ಲಿ ಬೀಸಿದ್ದ ಗಾಳಕ್ಕೆ ಸಿಕ್ಕದ್ದು. ಅಕ್ಷರ ಅಕ್ಷರವೂ ಸರಿ ಇತ್ತು, ಜೀವ ಇತ್ತು. ಅದರ ನೆರೆಮನೆ ಯಾವುದು ಎಂದು ತಿಳಿಯಲಿಲ್ಲವಾದ್ದರಿಂದ ಪಟ್ಟಿಯ ಕೊನೆಯಲ್ಲಿ, ಖಾಲಿ ಜಾಗದಲ್ಲಿ, ಚುಕ್ಕಿಗೆರೆ ಹಾಕಿ ಚುಚ್ಚಿದರು. ಇಂಥ ತುಂಡು ಹದಿನಾಲ್ಕರಲ್ಲಲ್ಲದೆ ಇನ್ನೆಲ್ಲಿರುತ್ತದೆ ಎಂದು ಆಗ ಎಲ್ಲರೂ ತಿಳಿದಿದ್ದರು. ಎರಡು ವರ್ಷ ಬಿಟ್ಟು ಬೇರೆ ಲ್ಯಾಬಿನಿಂದ ಸುದ್ದಿ ಬಂತು: ಕೆಲವು ತುಂಡುಗಳು ಯಾವುದೋ ಕಾಲದಲ್ಲಿ ಸಾಲಿನಿಂದ ಹಾರಿ ಬೇರೆ ವರ್ಣತಂತುವಿಗೆ ಹೋಗಿ ಬಿದ್ದಿರುತ್ತವೆಯಂತೆ. ಮೈಕೈ ಎಲ್ಲ ನೆಟ್ಟಗೇ ಇರುತ್ತದೆ. ಆದರೆ ಅಲ್ಲಿ ಎರಡನೆಯ ಜಾತಿಯವರಿಲ್ಲ, ಮೂರನೆಯವರಿಲ್ಲ, ಸೇರಿ ಹೊಲಿದುಕೊಳ್ಳಲು ಯಾರೂ ಇಲ್ಲ. ಸಾಯುವ ತನಕ ಬದುಕಿರುವುದೊಂದೇ ಕೆಲಸ. ಆ ಸುದ್ದಿ ಓದಿದ ದಿನ ಅವನು ಪತ್ರಿಕೆಯ ಆ ಪುಟವನ್ನು ಮಡಿಚಿ ಮೇಜಿನ ಕೆಳಗಿನ ಖಾನೆಗೆ ಹಾಕಿದ. ಪರೀಕ್ಷೆ ಕಷ್ಟದ್ದೇನಲ್ಲ. ಇಲಿಯ ಕೋಶದೊಳಗೆ ಮನುಷ್ಯನ ಒಂದೊಂದೇ ವರ್ಣತಂತು ಉಳಿಸಿ ಬೆಳೆಸಿದ ಕೋಶಗಳಿರುತ್ತವೆ, ಜೀನ್ ಯಾವುದರೊಳಗೆ ಕರೆದರೆ ಓಗೊಡುತ್ತದೋ ಅದೇ ಅದರ ಮನೆ. ಆ ಕೋಶಗಳು ಲ್ಯಾಬಿಗೆ ಬಂದು ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷದಿಂದ ಪ್ರತಿ ತಿಂಗಳೂ ಅವನಿಗೆ ಬೇರೆ ಏನೋ ಅರ್ಜೆಂಟು ಕೆಲಸ.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಅವನು ಸಾಮಾನಿನ ಕೋಣೆಯಲ್ಲಿ, ಆಸಿಡ್ ಬಾಟಲಿಗಳ ಕಪಾಟಿನ ಹಿಂದೆ, ಗೋಡೆಯ ಫೋನಿನ ಮುಂದೆ ನಿಂತಿದ್ದ. ಬಂದದ್ದು ಹೊಸ ಫಿಲ್ಟರ್ ಕಾಗದ ತೆಗೆದುಕೊಳ್ಳಲು, ಕಾಗದ ಕಂಕುಳಲ್ಲಿತ್ತು. ಇದು ತಮಾಷೆ, ಬರೀ ತಮಾಷೆ, ಹತ್ತು ನಿಮಿಷ ಬಿಟ್ಟು ಹೋಗಿ ಬೆನ್ನು ತಟ್ಟಿ ಹೇಳಿಬಿಡುವುದು ಎಂದು ತನಗೆ ತಾನೇ ಹೇಳಿಕೊಂಡು ಮೈದುನನ ಮೇಜಿನ ನಂಬರು ತಿರುಗಿಸಿದ. "ಅಲ್ಲಪ್ಪಾ... ಉಹು... ಉಹು... ಆ ಒಂಬತ್ತು ಇದಾವಲ್ಲ ನಿಂದು, ಅವೆಲ್ಲ ಹದಿನಾಲ್ಕರಲ್ಲೇ ಇದಾವೆ ಅಂತ ನಿಂಗ್ಯಾರಪ್ಪ ಹೇಳಿದ್ದು?" ಆ ಕಡೆಯಿಂದ "ಸಾರ್?" "ಓಡಿಹೋಗಿ ಬೇರೆ ಕಡೆ ಕೂತಿರಬಹುದಲ್ಲ? ಇಲಿಕೋಶದಲ್ಲಿ ಹಾಕಿ ನೋಡಿದೀಯಾ? ನೋಡಿಲ್ಲ. ಮುಖದಲ್ಲಿ ಜೀವ ಇದ್ರೆ ಆಗಲ್ಲಪ್ಪ, ಮನೆ ಸರಿ ಇರ್ಬೇಕು. ಒಂದೊಂದೂ ನೋಡದೆ ನಕ್ಷೆ ಅಂಚೆಗೆ ಹೋಗಲ್ಲ. ಅಷ್ಟೇ ನಾನು ಹೇಳೋದು." "ಸರಿ ಸಾರ್... ಸರಿ ಸಾರ್... ಆಯ್ತು ಸಾರ್." ದನಿ ಸಣ್ಣಗೆ ನಡುಗುತ್ತಿತ್ತು. ಕೊನೆಗೂ ನಡುಗಿತು! ರಿಸೀವರ್ ಇಟ್ಟ ಮೇಲೆ ಅವನಿಗೆ ಹೊಳೆಯಿತು: ಬೇರೆ ಎಷ್ಟೋ ಹೇಳಬಹುದಾಗಿತ್ತು. ಅಕ್ಷರ ತಪ್ಪಿದೆ ಎನ್ನಬಹುದಿತ್ತು, ಫಿಲ್ಮು ಅದಲುಬದಲಾಗಿದೆ ಎನ್ನಬಹುದಿತ್ತು. ನಾಲ್ಕು ವರ್ಷದಿಂದ ಖಾನೆಯಲ್ಲಿ ಮಡಿಚಿಟ್ಟಿದ್ದ ತನ್ನ ಭಯವನ್ನೇ ತೆಗೆದು ಇನ್ನೊಬ್ಬನ ಕಿವಿಗೆ ಸುರಿದಿದ್ದ. ಸುರಿದ ಮೇಲೆ ಎದೆ ಹಗುರಾಗಬೇಕಿತ್ತು. ಆಗಿತ್ತು ಕೂಡ, ಒಂದು ನಿಮಿಷ.

ಹತ್ತು ನಿಮಿಷ ಕಳೆಯಿತು. ಅವನು ಬೆನ್ನು ತಟ್ಟಲು ಹೋಗಲಿಲ್ಲ. ಮೇಜಿಗೆ ಬಂದಾಗ ಮೈದುನ ಇವನ ಕಡೆ ತಿರುಗಿ ನೋಡಲಿಲ್ಲ, ಮುಖ ಬಗ್ಗಿಸಿ ಒಂಬತ್ತು ಟ್ಯೂಬುಗಳನ್ನು ಸಾಲಾಗಿ ಜೋಡಿಸುತ್ತಿದ್ದ, ಕಿವಿ ಕೆಂಪಾಗಿತ್ತು. ಲ್ಯಾಬಿನ ಹಾಸ್ಟೆಲಿನಲ್ಲಿದ್ದವನು ಸಂಜೆ ಊಟಕ್ಕೆ ಅಕ್ಕನ ಮನೆಗೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಇವನು ಕೈ ತೊಳೆಯಲು ಹೋದಾಗ ಮೈದುನ ತೊಟ್ಟಿಯ ಮುಂದೆ ನಲ್ಲಿ ಪೂರ್ತಿ ಬಿಟ್ಟುಕೊಂಡು ಬೆನ್ನು ಹಾಕಿ ನಿಂತಿದ್ದ. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾನೆ. ನೀರಿನ ಸದ್ದಿನಲ್ಲಿ ಮುಚ್ಚಿಟ್ಟುಕೊಂಡು ಅಳುತ್ತಿದ್ದಾನೆ. ಇವನು ಬಾಗಿಲಲ್ಲೇ ನಿಂತ. ಮದುವೆಯ ದಿನ ಅಕ್ಕ ಹೊರಟಾಗ ಇದೇ ಹೆಗಲು, ಆಗ ಹನ್ನೊಂದು ವರ್ಷದ ಮೂಳೆ ಕಾಣುವ ಹೆಗಲು, ಕಂಬದ ಹಿಂದೆ ಹೀಗೇ ಕುಲುಕಿತ್ತು. ಇವನೇ ಹೋಗಿ ಯಾರದೋ ದನಿ ಮಾಡಿ ನಗಿಸಿದ್ದ. ಈಗ ಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಪಾಪಪ್ರಜ್ಞೆಯ ಅಡಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ಒಂದು ಸಿಹಿ ಇತ್ತು, ಬಾಯಿ ಮುಚ್ಚಿಕೊಂಡೇ ಚಪ್ಪರಿಸಬಹುದಾದಂಥದ್ದು. ಮೂರು ವರ್ಷದಿಂದ ಇವನು ಒಳಗೊಳಗೇ ಪಟ್ಟದ್ದರಲ್ಲಿ ಎರಡು ದಿನದ್ದನ್ನು ಅವನೂ ಪಡಲಿ, ಪಾಲಿಗೆ ಪಾಲು. ಸದ್ದಾಗದಂತೆ ಬಾಗಿಲು ಎಳೆದುಕೊಂಡು ವಾಪಸು ಬಂದ. ಸಾಬೂನು ತಾಗದ ಕೈ ಇಡೀ ಬೆಳಗ್ಗೆ ಅಂಟಂಟಾಗಿಯೇ ಇತ್ತು.

ಊಟದ ನಂತರ ಮೈದುನ ಮೊದಲ ಸಲ ಬಾಯಿ ಬಿಟ್ಟ. ಫ್ರಿಜ್ಜಿನ ಬಾಗಿಲು ಹಿಡಿದು, ಒಳಗಿನ ಡಬ್ಬಿಗಳನ್ನೇ ನೋಡುತ್ತ, "ಭಾವ, ನಿಮ್ಮ ಹಸಿರಿನ ಟ್ಯೂಬು ಕೊಡ್ತೀರಾ?" ಎಂದ. "ಯಾಕೋ?" "ಇಲಿಕೋಶದಲ್ಲಿ ಹಾಕ್ತಾ ಇದೀನಿ. ದೊಡ್ಡವರು ಹತ್ತೂ ನೋಡು ಅಂದ್ರು." ಒಂಬತ್ತು ಎಂದವನು ನಾನಲ್ಲವೇ, ಹತ್ತು ಎಂದವರು ಯಾರು? ಕೇಳುವ ಹಾಗಿರಲಿಲ್ಲ. "ನಂದು ಹಳೇದು ಕಣೋ, ಅದನ್ನ್ಯಾಕೆ ಈಗ..." "ಹಳೇದಾದ್ರೇನು ಭಾವ, ಫ್ರೀಜರಿನಲ್ಲಿ ಯಾರಿಗೂ ವಯಸ್ಸಾಗಲ್ಲ." ಮೈದುನನ ತುಟಿ ಎಡಕ್ಕೆ ಏರಿ, ತಕ್ಷಣ ಇಳಿಯಿತು. ಇವನು ಕೊಟ್ಟ. ಟ್ಯೂಬಿನ ಮೇಲೆ ಆರು ವರ್ಷದ ಹಿಂದಿನ ತನ್ನ ಅಕ್ಷರ. ಆಗ ಎಷ್ಟು ದುಂಡಗೆ ಬರೆಯುತ್ತಿದ್ದೆ ಎನಿಸಿತು. ಆ ಸಂಜೆ ಹೆಂಡತಿ ತಟ್ಟೆಯನ್ನು ಎಂದಿಗಿಂತ ಜೋರಾಗಿ ಇಟ್ಟಳು. "ತಮ್ಮ ಎರಡು ದಿನದಿಂದ ಊಟಕ್ಕೆ ಬಂದಿಲ್ಲ. ಫೋನ್ ಮಾಡಿದ್ರೆ ಮಾತೇ ಆಡಲ್ಲ, ಏನೋ ಉಸಿರು ಕಟ್ಟಿದ ಹಾಗೆ ಮಾಡಿ ಇಟ್ಟುಬಿಡ್ತಾನೆ. ನೀವೇನಾದ್ರೂ ಅಂದ್ರಾ ಅವನಿಗೆ?" "ನಾನೇನು ಅನ್ನಲಿ? ಕೆಲಸ ಜಾಸ್ತಿ ಇದೆ." "ಅವನು ನಿಮ್ಮ ಬಗ್ಗೆ ಎಷ್ಟು ಇಟ್ಕೊಂಡಿದಾನೆ ಗೊತ್ತಾ ನಿಮಗೆ? ಎಂಟು ಸಿಕ್ಕಾಗ ಏನಂದ ಗೊತ್ತಾ? ಭಾವನ ಕೈ ನಂಗೆ ಬಂದಿದೆ ಅಕ್ಕಾ ಅಂದ." ಅವನು ಅನ್ನವನ್ನು ಸುಮ್ಮನೆ ಕಲಸಿದ. ನನ್ನ ಕೈಯೂ ಅವನಿಗೇ ಹೋಯಿತೇ ಎಂದು ಅನ್ನಿಸಿದ್ದು ಮೊದಲು. ಉಳಿದದ್ದೆಲ್ಲ ಅನ್ನಿಸಿದ್ದು ಆಮೇಲೆ.

ಗುರುವಾರ, ಶುಕ್ರವಾರ ಹತ್ತು ಫಿಲ್ಮುಗಳು ಗೆರೆ ಮೂಡಲೆಂದು ಡಬ್ಬಿಯೊಳಗೆ ಕತ್ತಲಲ್ಲಿ ಕೂತಿದ್ದವು, ಅವನು ಬೆಳಕಿನಲ್ಲಿ ಕೂತಿದ್ದ. ಈಗ ಬೇಕಾದದ್ದು ಬಹಳ ಸಣ್ಣದು. ಮೊದಲ ಹೆಸರು ಬೇಡ. ಎರಡನೆಯದು ಉಳಿದರೆ ಸಾಕು. ಮೈದುನನವು ಒಂಬತ್ತೂ ಹದಿನಾಲ್ಕರಲ್ಲೇ ಇರಲಿ, ನನ್ನದೊಂದು ಅವುಗಳ ಹಿಂದೆ, ಸಾಲಿನ ತುದಿಯಲ್ಲಿ, ಶೌಚಾಲಯದ ಬಾಗಿಲಿಗೆ ಒರಗಿಕೊಂಡಾದರೂ ಇರಲಿ. ಹೀಗೆ ಬೇಡಿಕೊಳ್ಳುತ್ತಲೇ, ಒಂಬತ್ತರಲ್ಲಿ ಎರಡು ಮೂರು ಬಿದ್ದುಹೋದರೆ ಬೇಡ ಎನ್ನುವುದಿಲ್ಲ ಎಂದು ಕೆಳಗೊಂದು ಸಣ್ಣ ಸಾಲು ಸೇರಿಸುತ್ತಿದ್ದ. ಶೌಚಾಲಯಕ್ಕೆ ಹೋಗುವಾಗಲೆಲ್ಲ ಚುಕ್ಕಿಗೆರೆಯ ಮೇಲಿನ ಹಸಿರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ, ಸಡಿಲವಾಗಿದೆಯೇನೋ ಎಂಬಂತೆ. "ಏನ್ರೀ ಭಾವ, ಹೊಟ್ಟೆ ಸರಿ ಇಲ್ವಾ? ಬೆಳಗ್ಗಿಂದ ನಾಲ್ಕನೇ ಸಲ" ಎಂದಳು ಫಿಲ್ಮಮ್ಮ.

ಶನಿವಾರ ಹತ್ತೂವರೆಗೆ ಫಿಲ್ಮಮ್ಮ ಒದ್ದೆ ಫಿಲ್ಮುಗಳನ್ನು ಕ್ಲಿಪ್ಪಿಗೆ ನೇತುಹಾಕಿ ಒಣಗಿಸಿ, ಬೆಳಕಿನ ಪೆಟ್ಟಿಗೆಯ ಮೇಲೆ ಒಂದೊಂದಾಗಿ ಹರಡಿದಳು. ದೊಡ್ಡವರು ಕುರ್ಚಿ ಎಳೆದುಕೊಂಡು ಕೂತರು. ಮೈದುನ ಅವರ ಬಲಕ್ಕೆ, ಇವನು ಎಡಕ್ಕೆ, ಉಳಿದವರು ಬಾಗಿಲಲ್ಲಿ. ಪ್ರತಿ ಫಿಲ್ಮಿನಲ್ಲೂ ಇಲಿಕೋಶಗಳ ಸಾಲು. ಎಡದಿಂದ ಮೂರನೆಯ ಸಾಲು ಹದಿನಾಲ್ಕನೆಯ ವರ್ಣತಂತು ಇರುವ ಕೋಶದ್ದು, ಐದನೆಯದು ಹದಿನಾರನೆಯದ್ದು. ಮೊದಲ ಫಿಲ್ಮು: ಮೂರನೆಯ ಸಾಲಿನಲ್ಲಿ ದಪ್ಪ ಕಪ್ಪು ಗೆರೆ. ಮನೆ ಸರಿ. ಎರಡನೆಯದು, ಮನೆ ಸರಿ. ಮೂರು, ನಾಲ್ಕು, ಐದು. ಒಂಬತ್ತೂ ಸರಿ. ಹತ್ತನೆಯದನ್ನು ಫಿಲ್ಮಮ್ಮ ಇಟ್ಟಳು. ಮೂರನೆಯ ಸಾಲು ಖಾಲಿ. ಅವನು ಬಗ್ಗಿದ. ಖಾಲಿ ಎಂದರೆ ತೊಳೆದಿಟ್ಟ ಗಾಜಿನ ಹಾಗೆ ಖಾಲಿ. ಐದನೆಯ ಸಾಲಿನಲ್ಲಿ ಗೆರೆ ಇತ್ತು, ಎಲ್ಲದಕ್ಕಿಂತ ಗಾಢವಾಗಿ, ಎಲ್ಲದಕ್ಕಿಂತ ನೆಟ್ಟಗೆ. ಇಷ್ಟು ಚೆಂದದ ಗೆರೆ ನನ್ನ ಜನ್ಮದಲ್ಲಿ ಬಂದಿರಲಿಲ್ಲ ಎಂದುಕೊಂಡ. ದೊಡ್ಡವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. "ಹದಿನಾರು" ಎಂದರು. "ಫಿಲ್ಮು ತಿರುಗಾಮುರುಗಾ ಆಗಿರಬಹುದು" ಎಂದು ಅವನು ಹೇಳಿದ. ತನ್ನ ದನಿ ತನಗೇ ಗುರುತು ಹತ್ತಲಿಲ್ಲ. "ಗುರುತಿಗೆ ಮೂಲೆ ಕತ್ತರಿಸಿಟ್ಟಿದೀನಿ, ನೋಡ್ಕೊಳಿ. ಇಪ್ಪತ್ತು ವರ್ಷದಲ್ಲಿ ಒಂದು ತಿರುಗಿಸಿಲ್ಲ ನಾನು" ಎಂದಳು ಫಿಲ್ಮಮ್ಮ.

"ಅಲ್ಲಪ್ಪಾ," ಎಂದರು ದೊಡ್ಡವರು, ಕುರ್ಚಿಯಲ್ಲಿ ಪೂರ್ತಿ ಅವನ ಕಡೆ ತಿರುಗಿ, "ಮಂಗಳವಾರ ಮೂರು ಗಂಟೆಗೆ ನಾನು ಇವನ ಮೇಜಿನ ಹತ್ರ ನಿಂತಿದ್ದೆ. ಫೋನ್ ಬಂತು. ಇವನು ಎತ್ತಿದ, 'ಸಾರ್?' ಅಂದ, ನನ್ನ ಮುಖ ನೋಡ್ದ. ರಿಸೀವರ್ ಓರೆ ಮಾಡಿ ಹಿಡಿದ, ನಾನೂ ಕಿವಿ ಕೊಟ್ಟೆ. ನೋಡ್ತೀನಿ, ನಾನು ಮಾತಾಡ್ತಾ ಇದೀನಿ! ಚೆನ್ನಾಗೇ ಮಾತಾಡ್ತಾ ಇದೀನಿ! ಹತ್ತು ವರ್ಷದಲ್ಲಿ ಇಂಥ ಪ್ರಶ್ನೆ ನಾನು ಕೇಳಿರಲಿಲ್ಲಪ್ಪ. ಅದಕ್ಕೇ, ನಾನೇ ಕೇಳಿದ ಮೇಲೆ ಒಂಬತ್ತು ಯಾಕೆ, ಹತ್ತೂ ನೋಡಿಬಿಡು ಅಂದೆ." ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. "ಕೆಮ್ಮು ಮಾತ್ರ ಒಂದು ಜಾಸ್ತಿ ಆಯ್ತು. ನಾನು ಎರಡು ಸಲ ಕೆಮ್ಮಲ್ಲ." ಹಾಗೆಂದು ಅವರು ನಿಜವಾಗಿಯೇ ಕೆಮ್ಮಿದರು, ಎರಡು ಸಲ.

ಮೈದುನ ತಡೆಯಲಾರದೆ ಹೋದ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ, ಹೆಗಲು ಕುಲುಕಿತು, ತೊಟ್ಟಿಯ ಮುಂದೆ ಕುಲುಕಿದ ಹಾಗೆಯೇ. ಬೆರಳ ಸಂದಿಯಿಂದ ನಗು ಸಿಡಿಯಿತು. "ಕ್ಷಮಿಸಿ ಭಾವ... ಮಂಗಳವಾರದಿಂದ... ನಿಮ್ಮ ಮುಖ ನೋಡಿದ್ರೆ ಎಲ್ಲಿ ನಕ್ಕುಬಿಡ್ತೀನೋ ಅಂತ... ಊಟಕ್ಕೂ ಬರ್ಲಿಲ್ಲ... ನಲ್ಲಿ ಬಿಟ್ಕೊಂಡು ನಕ್ಕಿದೀನಿ ಭಾವ!" ಅಕ್ಕನ ಫೋನಿನಲ್ಲಿ ಉಸಿರು ಕಟ್ಟಿದ್ದು ಅದಕ್ಕೇ. ಫ್ರಿಜ್ಜಿನ ಮುಂದೆ ತುಟಿ ಏರಿ ಇಳಿದದ್ದು ಅದಕ್ಕೇ. ಅವನಿಗಾಗಿ ತಾನು ಪಟ್ಟ ಎರಡು ದಿನದ ಪಾಪಪ್ರಜ್ಞೆ, ಎರಡು ದಿನದ ಸಿಹಿ, ಎರಡೂ ವ್ಯರ್ಥ. ಮೈದುನ ಕಣ್ಣೊರೆಸಿಕೊಳ್ಳುತ್ತಲೇ ದೊಡ್ಡವರ ಕಡೆ ತಿರುಗಿದ. "ಸಾರ್, ಆದ್ರೂ ಭಾವನ ಹೆಸರು ಮೇಲೇ ಇರಲಿ ಸಾರ್. ಈ ಪ್ರಶ್ನೆ ಎತ್ತಿದ್ದು ಅವರೇ ಅಲ್ವಾ. ನಂಗೆ ಕಲಿಸಿದವರು ಅವರೇ." "ಹದಿನಾರರಲ್ಲಿ ಇರೋದಕ್ಕೆ ಹದಿನಾಲ್ಕರ ನಕ್ಷೆ ಮೇಲೆ ಏನು ಕೆಲಸ? ಕಾಲಿನ ಕೆಳಗೆ ಬರೀತೀನಿ. ಅಷ್ಟೇ ನಾನು ಹೇಳೋದು" ಎಂದರು ದೊಡ್ಡವರು. ಅದೀಗ ದೊಡ್ಡವರು ಹೇಳಿದ್ದೋ ಭಾವ ಹೇಳಿಸಿದ್ದೋ ಯಾರಿಗೂ ತಿಳಿಯದೆ ಬಾಗಿಲಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ಫಿಲ್ಮಮ್ಮ ಪೆಟ್ಟಿಗೆಯ ಅಂಚು ಹಿಡಿದು ನಕ್ಕಳು, ಹತ್ತು ಫಿಲ್ಮೂ ಅಲುಗಾಡಿದವು.

ಅವನು ಮೈದುನನನ್ನು ನೋಡಿದ. ಎಷ್ಟು ಚೆನ್ನಾಗಿ ನಗುತ್ತಾನೆ! ತಲೆ ಹಿಂದಕ್ಕೆ ಹಾಕಿ, ಗಂಟಲಿನವರೆಗೂ ತೆರೆದು, ಒಂದಿಷ್ಟೂ ವಿಷವಿಲ್ಲದೆ. ನಗುತ್ತಲೇ ಒಂದು ಕೈ ಇವನ ಹೆಗಲ ಮೇಲೆ ಇಟ್ಟಿದ್ದ, ನಡುಗದ ಕೈ. ಎಲ್ಲರೂ ಆ ನಗುವನ್ನು ನೋಡಿಯೇ ನಗುತ್ತಿದ್ದರು. ಇದರಲ್ಲೂ ಅವನೇ ಮುಂದೆ. ಆಗ ಇವನ ಹೊಟ್ಟೆಯಿಂದ ಏನೋ ಎದ್ದು ಬಂತು. ದೊಡ್ಡವರದಲ್ಲ, ಫಿಲ್ಮಮ್ಮನದಲ್ಲ, ಯಾರಿಂದ ಕದ್ದದ್ದೆಂದು ಹುಡುಕಲು ಪುರಸೊತ್ತಿರಲಿಲ್ಲ. ಬಾಯಿ ತೆರೆದು ನಕ್ಕ. ಮೈದುನ ಇನ್ನೊಂದು ಮಟ್ಟ ಏರಿದ. ಇವನು ಎರಡು ಮಟ್ಟ ಏರಿದ. ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಮೈದುನ ಮೊದಲು ಸುಸ್ತಾದ, ನಗು ನಿಲ್ಲಿಸಿ "ಭಾವ, ಸಾಕು ಭಾವ" ಎಂದ. ದೊಡ್ಡವರು ಕುರ್ಚಿಯಿಂದ ಎದ್ದರು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವನು ಒಬ್ಬನೇ ಉಳಿದ, ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಮುಂದೆ.